ನಾಯಕತ್ವ ಮತ್ತು ಕೂಡಿ ಓದುವ ಪರಂಪರೆ: ಠಾಣೆಯಿಂದ ನವಿ ಮುಂಬಯಿವರೆಗೆ

ಹಲವರು ಒಂದೆಡೆ ಕುಳಿತು ಒಂದೇ ಪಠ್ಯವನ್ನು ಗಟ್ಟಿಯಾಗಿ ಓದಿ, ಬೇಕೆನಿಸಿದಲ್ಲಿ ನಿಲ್ಲಿಸಿ, ಅದರ ಮೇಲೆ ಮಾತಾಡುವ ಕ್ರಮವೇ ಕೂಡಿ ಓದುವುದು. ಕಂಪನಿಗಳ ಮೇಲಧಿಕಾರಿಗಳಿಗೆ ನಾಯಕತ್ವ ಕಲಿಸುವ ದಾರಿಯಾಗಿ ಪಶ್ಚಿಮದ ದೇಶಗಳಲ್ಲಿ ಇದಕ್ಕೆ ಹತ್ತಿರದ ಕ್ರಮಗಳು ಕಳೆದ ಶತಮಾನದ ನಡುವಿನಿಂದ ಬಳಕೆಯಲ್ಲಿವೆ. ಮುಂಬಯಿ ಮತ್ತು ಅದರ ಆಚೆಯ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ತುಳು-ಕನ್ನಡಿಗರಲ್ಲಿ ಇದೇ ಕ್ರಮ ಬೇರೆ ಹೆಸರುಗಳಲ್ಲಿ, ಬೇರೆ ಉದ್ದೇಶಕ್ಕಾಗಿ ನಡೆದುಕೊಂಡು ಬಂದಿದೆ. ಪುರಾಣ ವಾಚನ, ಶನಿಗ್ರಂಥ ಪಾರಾಯಣ, ತಾಳಮದ್ದಳೆ, ಸಂಘಗಳ ಸಾಹಿತ್ಯ ಗೋಷ್ಠಿ ಅದರ ರೂಪಗಳು. ಎರಡೂ ಧಾರೆಗಳು ಒಂದೇ ಊರಿನಲ್ಲಿವೆ. ಸೋಮವಾರ ಐರೋಲಿಯ ಕಚೇರಿಯಲ್ಲಿ ನಾಯಕತ್ವದ ತರಬೇತಿಗೆ ಕೂರುವ ಮ್ಯಾನೇಜರೇ ಶನಿವಾರ ರಾತ್ರಿ ಪಾರಾಯಣದಲ್ಲಿ ಅರ್ಥ ಹೇಳುತ್ತಿರಬಹುದು. ಆದರೂ ಈ ಧಾರೆಗಳು ಪರಸ್ಪರ ಮುಖ ನೋಡಿಲ್ಲ. ನೋಡಬೇಕು ಎಂಬುದು ಈ ಲೇಖನದ ನಿಲುವು.

ಪ್ರದೇಶ ಮತ್ತು ಜನ

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು 34 ಕಿ.ಮೀ. ಓಡಿ ಠಾಣೆಯಲ್ಲಿ ನಿಂತಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಅಂದಿನಿಂದ ಈ ಸೀಮೆಯ ಬದುಕು ಹಳಿಯ ಗುಂಟವೇ ಬೆಳೆದಿದೆ. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಸಂಸ್ಥೆ ಠಾಣೆಯ ಖಾಡಿಯ (ಕಡಲ ಹಿನ್ನೀರಿನ) ಆಚೆ ದಡದಲ್ಲಿ ನವಿ ಮುಂಬಯಿಯನ್ನು ಕಟ್ಟಿತು. 1992ರಲ್ಲಿ ಮಾನಖುರ್ದ್‌ನಿಂದ ವಾಶಿಗೆ ಲೋಕಲ್ ರೈಲು ಬಂದ ಮೇಲೆ ಅದು ನಿಜವಾಗಿ ತುಂಬಿಕೊಂಡಿತು. 2011ರ ಜನಗಣತಿಯಂತೆ ಠಾಣೆ ನಗರದಲ್ಲಿ ಸುಮಾರು 18.4 ಲಕ್ಷ, ಕಲ್ಯಾಣ-ಡೊಂಬಿವಲಿಯಲ್ಲಿ 12.5 ಲಕ್ಷ, ನವಿ ಮುಂಬಯಿಯಲ್ಲಿ 11.2 ಲಕ್ಷ ಜನರಿದ್ದರು. ಠಾಣೆ-ಬೇಲಾಪುರ ಕೈಗಾರಿಕಾ ಪಟ್ಟಿಯ ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳ ನಡುವೆ ಈಗ ಐರೋಲಿ, ಘನ್ಸೋಲಿ, ಕೋಪರ್‌ಖೈರಣೆಗಳ ಸಾಫ್ಟ್‌ವೇರ್ ಕಚೇರಿಗಳು ಎದ್ದಿವೆ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲೂ ರಾಸಾಯನಿಕ ಕಾರ್ಖಾನೆಗಳು ಹಲವಿವೆ.

ಈ ಊರುಗಳಿಗೆ ಕನ್ನಡಿಗರು ಬಂದದ್ದು ಹೆಚ್ಚಾಗಿ ಮುಂಬಯಿಯ ಮೂಲಕ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕಾಸರಗೋಡುಗಳಿಂದ ಮೊದಲು ಹೊಟೇಲಿಗೆ, ಗಿರಣಿಗೆ, ಬ್ಯಾಂಕಿಗೆ, ಬಂದರಿಗೆ ಬಂದವರು ಬಾಡಿಗೆ ಏರಿದಂತೆ ಉತ್ತರಕ್ಕೂ ಪೂರ್ವಕ್ಕೂ ಸರಿದರು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರದು ಇನ್ನೊಂದು ಧಾರೆ. ಸಂಘಗಳ ವೇದಿಕೆಯಲ್ಲಿ ಅವರ ದನಿ ಇಂದಿಗೂ ಕಡಿಮೆ, ಇದನ್ನು ಹೇಳದೆ ಬಿಡುವಂತಿಲ್ಲ. ಇಡೀ ಮಹಾರಾಷ್ಟ್ರದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 2011ರಲ್ಲಿ ಸುಮಾರು 10 ಲಕ್ಷ. ಮನೆಯಲ್ಲಿ ತುಳು ಅಥವಾ ಕೊಂಕಣಿ ಆಡಿ ಓದಿಗೆ ಕನ್ನಡವನ್ನು ನೆಚ್ಚುವವರು ಈ ಲೆಕ್ಕದ ಹೊರಗಿದ್ದಾರೆ.

ಇವರಲ್ಲಿ ನಾಯಕರಾಗಿ ಮೇಲೆ ಬಂದವರ ಹಿಂದೆ ಬಹಳ ಸಲ ರಾತ್ರಿ ಶಾಲೆ ಇದೆ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತ ಹುಡುಗರು ಮುಂದೆ ಮಾಲೀಕರಾದರು, ಬ್ಯಾಂಕ್ ಅಧಿಕಾರಿಗಳಾದರು, ಸಂಘಗಳ ಅಧ್ಯಕ್ಷರಾದರು. ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಇದಕ್ಕಿಂತ ಅಭಿಮಾನದಿಂದ ಹೇಳಿಕೊಳ್ಳುವ ಸಂಗತಿ ಇನ್ನೊಂದಿಲ್ಲ.

ನೈಜ ನಾಯಕತ್ವ ಎಂಬ ಪರಿಕಲ್ಪನೆ

ಮೆಡ್‌ಟ್ರಾನಿಕ್ ಎಂಬ ವೈದ್ಯಕೀಯ ಉಪಕರಣಗಳ ಕಂಪನಿಯನ್ನು 1991ರಿಂದ 2001ರವರೆಗೆ ನಡೆಸಿದ ಬಿಲ್ ಜಾರ್ಜ್ 2003ರಲ್ಲಿ ‘ನೈಜ ನಾಯಕತ್ವ’ ಎಂಬ ಅರ್ಥದ ಹೆಸರಿನ ಪುಸ್ತಕ ಬರೆದರು. ಅಮೆರಿಕದ ಎನ್ರಾನ್ ಕಂಪನಿ ಲೆಕ್ಕದ ವಂಚನೆಯಿಂದ ಕುಸಿದು ಎರಡೇ ವರ್ಷವಾಗಿತ್ತು. ದೊಡ್ಡ ಕಂಪನಿಗಳ ಮುಖ್ಯಸ್ಥರ ಮಾತಿನ ಮೇಲೆ ಜನಕ್ಕೆ ನಂಬಿಕೆ ಉಳಿದಿರಲಿಲ್ಲ. ನಮ್ಮಲ್ಲಿ 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಲೆಕ್ಕಪತ್ರ ಹಗರಣ ಹೊರಬಿದ್ದಾಗ ಇಂಥದೇ ಪ್ರಶ್ನೆ ಎದ್ದಿತು. ಯಾರನ್ನೋ ಅನುಕರಿಸದೆ, ತನ್ನ ಬದುಕಿನ ಕತೆಯನ್ನು ತಾನೇ ಅರಿತು, ಅದರಿಂದ ಹುಟ್ಟಿದ ಮೌಲ್ಯಗಳಂತೆ ನಡೆಯುವವನೇ ನಾಯಕ ಎಂಬುದು ಜಾರ್ಜ್ ವಾದ. 2008ರಲ್ಲಿ ಸಂಶೋಧಕ ಫ್ರೆಡ್ ವಾಲುಂಬ್ವಾ ಮತ್ತು ಸಂಗಡಿಗರು ಇದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿ ನಾಲ್ಕು ಗುಣ ಗುರುತಿಸಿದರು: ತನ್ನನ್ನು ತಾನು ಅರಿಯುವುದು, ಜೊತೆಯವರೊಂದಿಗೆ ಮುಚ್ಚುಮರೆ ಇಲ್ಲದಿರುವುದು, ತನಗೊಪ್ಪದ ಮಾತನ್ನೂ ಸಮವಾಗಿ ತೂಗುವುದು, ಹೊರಗಿನ ಒತ್ತಡಕ್ಕೆ ಬಾಗದೆ ಒಳಗಿನ ನೀತಿಗೆ ನಿಲ್ಲುವುದು.

ಆಕ್ಷೇಪಗಳೂ ಬೇಗನೆ ಬಂದವು. ಸ್ಟ್ಯಾನ್‌ಫರ್ಡ್‌ನ ಜೆಫ್ರಿ ಫೆಫರ್ 2015ರಲ್ಲಿ ಇಡೀ ನಾಯಕತ್ವ ತರಬೇತಿಯ ಉದ್ಯಮವನ್ನೇ ಟೀಕಿಸಿ ಬರೆದರು. ನಾಯಕನಿಗೆ ಹಲವು ಸಲ ತನಗನಿಸಿದ್ದನ್ನು ತೋರದೆ, ಆ ಹೊತ್ತಿಗೆ ಬೇಕಾದಂತೆ ನಡೆಯಬೇಕಾಗುತ್ತದೆ ಎಂಬುದು ಅವರ ಮಾತಿನ ತಿರುಳು. ಅದೇ ವರ್ಷ ನಾಯಕತ್ವದ ಅಧ್ಯಯನಕಾರ್ತಿ ಹರ್ಮಿನಿಯಾ ಇಬಾರಾ ಇನ್ನೂ ಸೂಕ್ಷ್ಮವಾದ ಅಪಾಯವನ್ನು ತೋರಿಸಿದರು: ‘ನಾನಿರುವುದೇ ಹೀಗೆ’ ಎಂಬುದು ಬದಲಾಗದಿರಲು ಒಳ್ಳೆಯ ನೆಪವಾಗಿಬಿಡುತ್ತದೆ. ಈ ಎರಡನೆಯ ಆಕ್ಷೇಪ ನಮಗೆ ಹೆಚ್ಚು ಮುಖ್ಯ. ಏಕೆಂದರೆ ಇಲ್ಲಿನ ಶನಿಗ್ರಂಥ ಪಾರಾಯಣದಲ್ಲಿ ಓದುವ ಕತೆಯ ಕೇಂದ್ರದಲ್ಲಿ ಇರುವುದು ಇದೇ.

ಶನಿಗ್ರಂಥ ಪಾರಾಯಣ

ಮುಂಬಯಿ ಸೀಮೆಯ ತುಳು-ಕನ್ನಡಿಗರ ಸಂಘಗಳಲ್ಲಿ, ಶನೀಶ್ವರ ಸೇವಾ ಸಮಿತಿಗಳಲ್ಲಿ, ಮಂದಿರಗಳಲ್ಲಿ ಶನಿಗ್ರಂಥ ಪಾರಾಯಣ ವರ್ಷವೂ ನಡೆಯುತ್ತದೆ. ಶ್ರಾವಣದ ಶನಿವಾರಗಳಲ್ಲಿ ಹೆಚ್ಚು. ಹಲವೆಡೆ ಮನೆಯ ಮೂಲೆಯಲ್ಲಿ ಒಬ್ಬರೇ ಓದಿ ಮುಗಿಸುವ ಶನಿಮಹಾತ್ಮೆಗೆ ಇಲ್ಲಿ ತಾಳಮದ್ದಳೆಯ ಮೈ ಬಂದಿದೆ. ಕಲಶ ಇಟ್ಟು ಪೂಜೆಯಾದ ಮೇಲೆ ಗ್ರಂಥದ ಸುತ್ತ ವಾಚಕರು ಮತ್ತು ಅರ್ಥಧಾರಿಗಳು ಕೂರುತ್ತಾರೆ. ವಾಚಕರು ಪದ್ಯವನ್ನು ರಾಗವಾಗಿ ಹೇಳುತ್ತಾರೆ. ಅದರ ಅರ್ಥವನ್ನು ಪಾತ್ರವಾಗಿ ನಿಂತು ವಿಸ್ತರಿಸುವುದು ಅರ್ಥಧಾರಿಯ ಕೆಲಸ. ಒಬ್ಬರು ವಿಕ್ರಮರಾಜನ ಅರ್ಥ ಹೇಳಿದರೆ ಇನ್ನೊಬ್ಬರು ಶನಿದೇವನದು, ಮತ್ತೊಬ್ಬರು ಚಂದ್ರಸೇನನದು. ವೇಷವಿಲ್ಲ, ಕುಣಿತವಿಲ್ಲ, ಕಂಠಪಾಠವಾದ ಸಂಭಾಷಣೆಯೂ ಇಲ್ಲ. ಎದುರಿನವನು ಏನು ಕೇಳುತ್ತಾನೋ ಅದಕ್ಕೆ ಅಲ್ಲೇ ಉತ್ತರ ಕೊಡಬೇಕು.

ಕತೆ ಎಲ್ಲರಿಗೂ ಗೊತ್ತಿರುವುದೇ. ಉಜ್ಜಯಿನಿಯ ಅರಸ ವಿಕ್ರಮನ ಸಭೆಯಲ್ಲಿ ಗ್ರಹಗಳಲ್ಲಿ ಯಾರು ಶ್ರೇಷ್ಠರೆಂಬ ಚರ್ಚೆ ನಡೆಯುತ್ತದೆ. ಪಂಡಿತರು ಒಂದೊಂದೇ ಗ್ರಹದ ಮಹಿಮೆ ಹೇಳುತ್ತಾ ಶನಿಯ ಸರದಿ ಬಂದಾಗ ವಿಕ್ರಮ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಆಡಿ ಶನಿಯನ್ನು ಹಳಿಯುತ್ತಾನೆ. ಗಮನಿಸಬೇಕಾದ್ದು, ಅವನು ಸುಳ್ಳು ಹೇಳಿಲ್ಲ. ಅನಿಸಿದ್ದನ್ನೇ ಆಡಿದ. ವಾಲುಂಬ್ವಾ ಪಟ್ಟಿಯ ಅರ್ಥದಲ್ಲಿ ಅದು ಮುಚ್ಚುಮರೆ ಇಲ್ಲದ ಮಾತು. ಕತೆ ಅದನ್ನು ಅಹಂಕಾರವೆಂದು ತೀರ್ಮಾನಿಸುತ್ತದೆ. ಸಾಡೇಸಾತಿ ಹಿಡಿಯುತ್ತದೆ, ಕೊಳ್ಳಲು ಹತ್ತಿದ ಕುದುರೆ ಅವನನ್ನು ಕಾಡಿಗೆ ಒಯ್ದು ಬಿಡುತ್ತದೆ. ಪರ ಊರಿನ ವರ್ತಕನ ಮನೆಯಲ್ಲಿ ಗೋಡೆಯ ಚಿತ್ರದ ಹಂಸ ಮುತ್ತಿನ ಹಾರವನ್ನು ನುಂಗುತ್ತದೆ; ಕಳ್ಳತನ ವಿಕ್ರಮನ ತಲೆಗೆ ಬರುತ್ತದೆ. ಆ ಊರಿನ ರಾಜ ಚಂದ್ರಸೇನನ ಆಜ್ಞೆಯಂತೆ ಕೈಕಾಲು ಕಡಿಸಿಕೊಂಡು ಬಿದ್ದವನನ್ನು ಗಾಣಿಗನೊಬ್ಬ ಎತ್ತಿ ತಂದು ಗಾಣದ ಮೇಲೆ ಕೂರಿಸುತ್ತಾನೆ. ಚಕ್ರವರ್ತಿ ಎತ್ತು ಹೊಡೆಯುತ್ತಾ ವರ್ಷಗಳನ್ನು ಕಳೆಯುತ್ತಾನೆ.

ಪಾರಾಯಣ ಏರುವುದು ಈ ಗಾಣದ ಮನೆಯ ಪದ್ಯಗಳಿಗೆ. ಅರ್ಥಧಾರಿಯ ಕಸುವು ಗೊತ್ತಾಗುವುದೂ ಅಲ್ಲೇ. ರಾಜನಾಗಿದ್ದಾಗ ತಾನು ಎಷ್ಟು ಮಂದಿಗೆ ವಿಚಾರಣೆಯಿಲ್ಲದೆ ಶಿಕ್ಷೆ ಕೊಟ್ಟಿರಬಹುದು ಎಂದು ವಿಕ್ರಮ ತನ್ನನ್ನೇ ಕೇಳಿಕೊಳ್ಳುವಂತೆ ಕೆಲವರು ಅರ್ಥವನ್ನು ಬೆಳೆಸುತ್ತಾರೆ. ದೀಪಕ ರಾಗ ಹಾಡಿ ಊರಿನ ದೀಪಗಳು ಹತ್ತಿಕೊಂಡ ಮೇಲೆ, ಶನಿ ಪ್ರಸನ್ನನಾಗಿ ಬೇಡು ಎಂದಾಗ, ವಿಕ್ರಮ ಬೇಡುವುದು ತಾನು ಪಟ್ಟ ಪಾಡು ಇನ್ನಾರಿಗೂ ಬಾರದಿರಲಿ ಎಂದು. ರಾಜ್ಯವನ್ನು, ಅಂಗಾಂಗವನ್ನು ಮೊದಲು ಕೇಳುವುದಿಲ್ಲ. ಅಧಿಕಾರದ ಸ್ಥಾನದಲ್ಲಿರುವ ಮನುಷ್ಯ ಏನನ್ನು ಕಲಿಯಬೇಕೆಂದು ಈ ವರಕ್ಕಿಂತ ನೇರವಾಗಿ ಹೇಳಿದ ಪಠ್ಯವನ್ನು ನಾಯಕತ್ವದ ಪುಸ್ತಕಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಭಕ್ತರು ಇದನ್ನು ನಾಯಕತ್ವದ ಪಾಠವೆಂದು ಓದುವುದಿಲ್ಲ. ಗ್ರಹಚಾರ ಕಳೆಯಲೆಂದು ಓದಿಸುತ್ತಾರೆ. ಆ ಶ್ರದ್ಧೆಯನ್ನು ಕಂಪನಿಯ ಪಾಠವಾಗಿ ಸವಕಲು ಮಾಡಬೇಕಾಗಿಲ್ಲ. ಇಲ್ಲಿ ನೋಡಬೇಕಾದ್ದು ಓದಿನ ಏರ್ಪಾಡನ್ನು. ಪಠ್ಯ ಹಳೆಯದು, ಸಭೆಯ ಯಾರೂ ಅದರ ಒಡೆಯರಲ್ಲ. ಓದುವವನು ಬೇರೆ, ಅರ್ಥ ಹೇಳುವವನು ಬೇರೆ. ಅರ್ಥ ತಪ್ಪಿದರೆ ಎದುರಿನ ಅರ್ಥಧಾರಿ ಬಿಡುವುದಿಲ್ಲ. ಮತ್ತು ಇಡೀ ಮೂರು-ನಾಲ್ಕು ಗಂಟೆ ಯಾರ ಹುದ್ದೆಗೂ ಬೆಲೆಯಿಲ್ಲ.

ತಾಳಮದ್ದಳೆಯಲ್ಲಿ ಈ ಕೊನೆಯ ಗುಣ ಇನ್ನೂ ಸ್ಪಷ್ಟ. ‘ವಾಲಿ ವಧೆ’ ಪ್ರಸಂಗದಲ್ಲಿ ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನೇ ಕೇಳುತ್ತಾನೆ. ರಾಮನ ಅರ್ಥಧಾರಿ ಹೊಟೇಲು ಮಾಲೀಕನೇ ಆಗಿರಲಿ, ಸಂಘದ ಅಧ್ಯಕ್ಷನೇ ಆಗಿರಲಿ, ವಾಲಿಯಾಗಿ ಕುಳಿತ ಗುಮಾಸ್ತನ ಪ್ರಶ್ನೆಗೆ ಎಲ್ಲರೆದುರು ಉತ್ತರ ಕೊಡಲೇಬೇಕು. ‘ಅದು ನಮ್ಮ ಪಾಲಿಸಿ’ ಎಂದು ಜಾರಿಕೊಳ್ಳುವಂತಿಲ್ಲ.

ಈ ಪದ್ಧತಿಯ ಹಿಂದೆ ದೊಡ್ಡ ಪರಂಪರೆ ಇದೆ. ಕರಾವಳಿಯಿಂದ ಬಂದ ಮೊಗವೀರರು ಹತ್ತೊಂಬತ್ತನೆಯ ಶತಮಾನದಲ್ಲೇ ಮುಂಬಯಿಯಲ್ಲಿ ಶ್ರೀಮದ್ಭಾರತ ಮಂಡಳಿಯನ್ನು ಕಟ್ಟಿಕೊಂಡು ಪುರಾಣ ಓದಿಸಿದರು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತು. ಓದಲು ಬಾರದವರೂ ಕೂಡಿ ಕೇಳಿ ಕುಮಾರವ್ಯಾಸನ ಭಾರತವನ್ನು, ಲಕ್ಷ್ಮೀಶನ ಜೈಮಿನಿಯನ್ನು ತಮ್ಮದಾಗಿಸಿಕೊಂಡಿದ್ದ ಹಳ್ಳಿಯ ಚಾವಡಿ ಹೀಗೆ ಪಟ್ಟಣಕ್ಕೆ ಬಂತು.

ವಾಚನಾಲಯಗಳು, ಸಂಘಗಳು

ಕನ್ನಡಿಗರು ಬಂದು ನೆಲೆಸಿದ್ದು ಓದಿನ ಬರ ಇದ್ದ ಊರಿಗಲ್ಲ. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದು. ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರಲ್ಲಿ ಆರಂಭವಾಯಿತು. ಡೊಂಬಿವಲಿಯಲ್ಲಿ 1986ರಲ್ಲಿ ಪುಂಡಲೀಕ ಪೈ ಅವರು ತೆರೆದ ಫ್ರೆಂಡ್ಸ್ ಲೈಬ್ರರಿ, ಓದಿದ ಪುಸ್ತಕ ಕೊಟ್ಟು ಬೇರೆ ಪುಸ್ತಕ ಒಯ್ಯುವ ‘ಆದಾನ್-ಪ್ರದಾನ್’ ಏರ್ಪಾಡಿನಿಂದ ಹೆಸರಾಗಿದೆ. 2017ರಲ್ಲಿ 90ನೆಯ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದೂ ಡೊಂಬಿವಲಿಯಲ್ಲೇ.

ಕನ್ನಡದ ಕಡೆ, ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೂ ಕಾಲೇಜನ್ನೂ ನಡೆಸುತ್ತಿದೆ. ಕಲ್ಯಾಣದಲ್ಲಿ ಕರ್ನಾಟಕ ಸಂಘವೂ ವಾಶಿಯಲ್ಲಿ ಕನ್ನಡ ಸಂಘವೂ ಇವೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ನಗರದ ಕನ್ನಡ ಬದುಕಿನ ಬಗ್ಗೆ ಸಾಲುಸಾಲಾಗಿ ಅಧ್ಯಯನ ಗ್ರಂಥಗಳನ್ನು ಹೊರತಂದಿದೆ. ಮುಂಬಯಿ ಕನ್ನಡ ಲೇಖಕಿಯರ ಬಳಗ ‘ಸೃಜನಾ’ವನ್ನು ಇಲ್ಲಿ ಬೇರೆಯಾಗಿ ಹೆಸರಿಸಬೇಕು. ಪಾರಾಯಣ, ತಾಳಮದ್ದಳೆಗಳು ಬಹುಮಟ್ಟಿಗೆ ಗಂಡಸರ ಕೂಟಗಳಾಗಿದ್ದ ಕಡೆ, ಹೆಂಗಸರು ತಮ್ಮ ಬರಹವನ್ನು ತಾವೇ ಓದಿ ತಾವೇ ವಿಮರ್ಶಿಸಿಕೊಳ್ಳುವ ಜಾಗವನ್ನು ಅದು ಕಟ್ಟಿತು.

ಕಂಪನಿಯ ಕೋಣೆಯಿಂದ ಬಂದ ಸಾಹಿತ್ಯ

ಮೇಲಧಿಕಾರಿಗಳು ಕೂಡಿ ಓದಲು ಕನ್ನಡದಲ್ಲಿ ಏನಿದೆ ಎಂಬ ಪ್ರಶ್ನೆಗೆ ಮುಂಬಯಿ ಕನ್ನಡವೇ ಉತ್ತರ ಕೊಟ್ಟಿದೆ. ಯಶವಂತ ಚಿತ್ತಾಲರು (1928-2014) ಉತ್ತರ ಕನ್ನಡದ ಹನೇಹಳ್ಳಿಯವರು. ಪಾಲಿಮರ್ ತಂತ್ರಜ್ಞರಾಗಿ ಬೇಕಲೈಟ್ ಹೈಲಮ್ ಕಂಪನಿಯಲ್ಲಿ ಎತ್ತರದ ಹುದ್ದೆಯವರೆಗೆ ಏರಿದವರು. ಅವರ ‘ಶಿಕಾರಿ’ (1979) ಕಂಪನಿಯ ಒಳಗಿನಿಂದ ಬರೆದ ಕಾದಂಬರಿ. ರಾಸಾಯನಿಕ ಕಂಪನಿಯೊಂದರ ಅಧಿಕಾರಿ ನಾಗಪ್ಪ ಏಕಾಏಕಿ ಅಮಾನತಾಗುತ್ತಾನೆ. ತಪ್ಪೇನೆಂದು ಸರಿಯಾಗಿ ಯಾರೂ ಹೇಳುವುದಿಲ್ಲ. ಮೇಲಿನವರ ಸೌಜನ್ಯ, ಗೆಳೆಯರ ಕಾಳಜಿ, ಫೋನಿನ ಆಚೆಯ ಮೌನ ಎಲ್ಲವೂ ಬೇಟೆಯ ಬಲೆಯೆಂದು ಅನಿಸತೊಡಗುತ್ತದೆ. ಅಷ್ಟೇ ಆಗಿದ್ದರೆ ಅದು ಸಂಚಿನ ಕತೆಯಾಗಿ ಮುಗಿಯುತ್ತಿತ್ತು. ನಾಗಪ್ಪ ತನ್ನ ಬಾಲ್ಯದ ಭಯಗಳನ್ನು, ತನ್ನ ಹೇಡಿತನವನ್ನು, ಜಾತಿ ಮತ್ತು ಊರಿನ ನೆನಪುಗಳನ್ನು ಎದುರಿಸಬೇಕಾಗಿ ಬರುವುದರಿಂದ ಅದು ದೊಡ್ಡ ಕೃತಿಯಾಗಿದೆ. ತನ್ನನ್ನು ತಾನು ಅರಿಯುವುದು ಎಂದು ಪ್ರಶ್ನಾವಳಿ ಒಂದು ಸಾಲಿನಲ್ಲಿ ಬರೆಯುವುದಕ್ಕೆ ಎಷ್ಟು ಬೆಲೆ ತೆರಬೇಕೆಂದು ಚಿತ್ತಾಲರು ಇಡೀ ಕಾದಂಬರಿಯಲ್ಲಿ ತೋರಿಸುತ್ತಾರೆ.

ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಇದೇ ನಗರದ ದುಡಿಮೆಯ ಲೋಕವನ್ನು ಕಾರ್ಮಿಕರ ಹೋರಾಟದ ಕಡೆಯಿಂದ ನೋಡುತ್ತದೆ. ಅದಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇವೆರಡನ್ನೂ ಜೊತೆಗಿಟ್ಟು ಓದಿದರೆ ಮೇಜಿನ ಎರಡೂ ಬದಿ ಕಾಣುತ್ತದೆ. ಮುಂಬಯಿಯ ಔಷಧ ಕಂಪನಿಯಲ್ಲಿ ದುಡಿದ ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳು ಲಿಫ್ಟ್‌ಮನ್, ಹೊಟೇಲು ಹುಡುಗ, ಆಯಾಗಳಂಥ ಜನರ ಒಳಬದುಕಿಗೆ ಕಣ್ಣು ತೆರೆಸುತ್ತವೆ. ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದಕ್ಕೆ 2018ರ ಡಿಎಸ್‌ಸಿ ಬಹುಮಾನ ಬಂದ ಮೇಲೆ, ಹಲವು ಭಾಷೆಯವರಿರುವ ಕಚೇರಿಯಲ್ಲೂ ಅವನ್ನು ಕೂಡಿ ಓದಬಹುದಾಗಿದೆ.

ಕಲ್ಯಾಣದಿಂದ ಮುಂದೆ ನೇರಳ್‌ನಲ್ಲಿ ಇಳಿದು ಹತ್ತಿದರೆ ಮಾಥೆರಾನ್. 1938ರಲ್ಲಿ ಗಿರೀಶ ಕಾರ್ನಾಡರು ಹುಟ್ಟಿದ್ದು ಅಲ್ಲಿ. ಅವರ ‘ತುಘಲಕ್’ (1964) ಆದರ್ಶವಾದಿ ಅರಸನೊಬ್ಬ ತನ್ನ ಬುದ್ಧಿಯ ಮೇಲಿನ ನಂಬಿಕೆಯಿಂದಲೇ ರಾಜ್ಯವನ್ನು ಹಾಳುಗೆಡವುವ ನಾಟಕ. ಅದನ್ನು ಮರಾಠಿಗೆ ತಂದವರು ವಿಜಯ ತೆಂಡೂಲ್ಕರ್. ಎಸ್.ಎಲ್. ಭೈರಪ್ಪನವರ ಕಾದಂಬರಿ ‘ಪರ್ವ’ವನ್ನು ಉಮಾ ಕುಲಕರ್ಣಿ ಮರಾಠಿ ಮಾಡಿದ್ದಾರೆ. ಆದ್ದರಿಂದ ಡೊಂಬಿವಲಿಯ ಮರಾಠಿ ಓದುಗ ಮತ್ತು ಕನ್ನಡ ಓದುಗ ಒಂದೇ ಮೇಜಿನಲ್ಲಿ ಒಂದೇ ಕೃತಿಯನ್ನು ತಂತಮ್ಮ ಭಾಷೆಯಲ್ಲಿ ಹಿಡಿದು ಕೂರಲು ಅಡ್ಡಿಯೇನೂ ಇಲ್ಲ.

ಹೊರಗಿನ ಮಾದರಿಗಳು

ಅಮೆರಿಕದ ಆಸ್ಪೆನ್‌ನಲ್ಲಿ 1950ರ ದಶಕದ ಆರಂಭದಿಂದ ಉದ್ಯಮಿಗಳು ಪ್ಲೇಟೋ, ಅರಿಸ್ಟಾಟಲ್ ಮೊದಲಾದವರ ಆಯ್ದ ಭಾಗಗಳನ್ನು ಮೊದಲೇ ಓದಿಕೊಂಡು ಬಂದು ಒಂದೇ ಮೇಜಿನ ಸುತ್ತ ಚರ್ಚಿಸುವ ಕ್ರಮ ಬೆಳೆಯಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಜೇಮ್ಸ್ ಮಾರ್ಚ್ ‘ಡಾನ್ ಕಿಹೋಟೆ’, ‘ಒಥೆಲೊ’, ‘ಯುದ್ಧ ಮತ್ತು ಶಾಂತಿ’ಗಳನ್ನೇ ಪಠ್ಯವಾಗಿಟ್ಟು ನಾಯಕತ್ವ ಕಲಿಸಿದರು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಜೇನ್ ಡೇವಿಸ್ ಕಟ್ಟಿದ ‘ದಿ ರೀಡರ್’ ಸಂಸ್ಥೆಯ ದಾರಿ ಬೇರೆ: ಯಾರೂ ಮೊದಲೇ ಓದಿ ಬರಬೇಕಿಲ್ಲ, ಕತೆ-ಕವಿತೆಗಳನ್ನು ಅಲ್ಲೇ ಗಟ್ಟಿಯಾಗಿ ಓದುತ್ತಾರೆ, ಯಾರು ಬೇಕಾದರೂ ತಡೆದು ಮಾತಾಡಬಹುದು. ನಮ್ಮ ವಾಚನ-ವ್ಯಾಖ್ಯಾನಕ್ಕೆ ಹತ್ತಿರವಾದದ್ದು ಇದು.

ಕರ್ನಾಟಕದ ಒಳಗೆ ಡಿ.ವಿ. ಗುಂಡಪ್ಪನವರನ್ನು ಮೊದಲು ನೆನೆಯಬೇಕು. ಬೆಂಗಳೂರಿನಲ್ಲಿ ಅವರು ಆರಂಭಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಅಧ್ಯಯನ ಗೋಷ್ಠಿಗಳಲ್ಲಿ ಗ್ರಂಥವೊಂದನ್ನು ಹಿಡಿದು ಸಾಲು ಸಾಲಾಗಿ ವಿಚಾರಿಸುವುದು ಸಾರ್ವಜನಿಕ ಕಾರ್ಯಕರ್ತನ ತಯಾರಿಯೇ ಆಗಿತ್ತು. ಅವರ ‘ಮಂಕುತಿಮ್ಮನ ಕಗ್ಗ’ದ ವಾಚನ ಕೂಟಗಳು ಇಂದು ಹೊರನಾಡಿನಲ್ಲೂ ನಡೆಯುತ್ತವೆ. ಆದರೆ ಬಹಳ ಕಡೆ ಒಬ್ಬರೇ ಉಪನ್ಯಾಸ ಮಾಡಿ ಉಳಿದವರು ತಲೆದೂಗುವುದರಲ್ಲಿ ಮುಗಿಯುತ್ತದೆ. ಅದು ಕೂಡಿ ಓದಿದಂತಾಗುವುದಿಲ್ಲ.

ನಡೆಸುವ ಬಗೆ, ಮಿತಿಗಳು

ಗುಂಪು ಸಣ್ಣದಿದ್ದರೆ ಒಳ್ಳೆಯದು. ಹತ್ತು-ಹನ್ನೆರಡು ಜನ ಮೀರಿದರೆ ಮಾತು ಭಾಷಣವಾಗುತ್ತದೆ. ಒಂದು ಕೂಟಕ್ಕೆ ಐದಾರು ಪುಟ ಸಾಕು. ‘ಶಿಕಾರಿ’ಯನ್ನೇ ತೆಗೆದುಕೊಂಡರೆ, ನಾಗಪ್ಪನ ವಿಚಾರಣೆಯ ಭಾಗವನ್ನು ಒಬ್ಬರು ಓದಿ ನಿಲ್ಲಿಸಿದಾಗ ಕೇಳಬೇಕಾದ ಪ್ರಶ್ನೆ ‘ಇದರಿಂದ ನಾವು ಕಲಿಯುವ ನೀತಿಯೇನು’ ಎಂಬುದಾಗಿರಬಾರದು. ವಿಚಾರಣೆ ನಡೆಸುವವರ ಜಾಗದಲ್ಲಿ ನಾನು ಯಾವಾಗ ಕುಳಿತಿದ್ದೆ, ಆಗ ಎದುರಿನವನಿಗೆ ಏನನ್ನು ಹೇಳದೆ ಮುಚ್ಚಿಟ್ಟೆ ಎಂದು ಕೇಳಿಕೊಂಡರೆ ಓದು ಮೈಗೆ ತಗಲುತ್ತದೆ. ಪಾತ್ರದ ಮರೆ ಇರುವುದರಿಂದ ಹೇಳುವವರಿಗೆ ಧೈರ್ಯವೂ ಬರುತ್ತದೆ. ಅತಿ ಮೇಲಿನ ಅಧಿಕಾರಿ ಕೊನೆಗೆ ಮಾತಾಡಬೇಕು. ಅವರು ಮೊದಲು ಮಾತಾಡಿದರೆ ಉಳಿದವರು ಅದನ್ನೇ ತಿರುಗಿಸಿ ಆಡುತ್ತಾರೆಂದು ಮೀಟಿಂಗಿನಲ್ಲಿ ಕುಳಿತ ಎಲ್ಲರಿಗೂ ಗೊತ್ತು.

ಸಾಹಿತ್ಯ ಓದಿದವರೆಲ್ಲ ಒಳ್ಳೆಯ ಮೇಲಧಿಕಾರಿಗಳಾಗುತ್ತಾರೆಂಬ ಭ್ರಮೆ ಬೇಡ, ತುಘಲಕನೂ ಓದಿದವನೇ. ಕೆಲಸದ ಒತ್ತಡ, ಕಡಿಮೆ ಸಂಬಳ, ಕೆಟ್ಟ ವ್ಯವಸ್ಥೆಗಳನ್ನು ಪುಸ್ತಕದ ಕೂಟ ಸರಿಪಡಿಸುವುದಿಲ್ಲ. ದೂರವೂ ಸಣ್ಣ ಅಡ್ಡಿಯಲ್ಲ: ಕಲ್ಯಾಣದಿಂದ ಮುಂಬಯಿ ಸಿಎಸ್‌ಎಂಟಿಗೆ 54 ಕಿ.ಮೀ., ಅದನ್ನು ದಿನಕ್ಕೆರಡು ಸಲ ಲೋಕಲ್‌ನಲ್ಲಿ ನಿಂತೇ ಕ್ರಮಿಸಿದವನಿಗೆ ಸಂಜೆಯ ಕೂಟಕ್ಕೆ ಮೈ ಏಳುವುದಿಲ್ಲ. ಇದೆಲ್ಲಕ್ಕಿಂತ ದೊಡ್ಡ ಆತಂಕ ಲಿಪಿಯದು. ಇಂಗ್ಲಿಷ್ ಮಾಧ್ಯಮದಲ್ಲಿ ಬೆಳೆದ ಮಕ್ಕಳು ಕನ್ನಡ ಕೇಳಿ ತಿಳಿಯುತ್ತಾರೆ, ಆಡುತ್ತಾರೆ, ಓದಲಾರರು. ಕನ್ನಡ ಮಾಧ್ಯಮದ ಶಾಲೆಗಳು ಸೊರಗುತ್ತಿವೆ. ಒಬ್ಬರು ಓದಿ ಉಳಿದವರು ಕೇಳುವ ಹಳೆಯ ಕ್ರಮಕ್ಕೆ ಇಲ್ಲಿ ಹೊಸ ಅಗತ್ಯ ಹುಟ್ಟಿರುವುದು ಈ ಕಾರಣಕ್ಕೇ.

ಐರೋಲಿ, ಘನ್ಸೋಲಿ, ಠಾಣೆಗಳ ಕಚೇರಿಗಳಲ್ಲಿ ಜನರನ್ನು ನಡೆಸುವ ಹೊಣೆ ಹೊತ್ತ ಕನ್ನಡಿಗರು ಮುಂದಿನ ತರಬೇತಿ ಶಿಬಿರಕ್ಕೆ ಹಣ ಕಟ್ಟುವ ಮೊದಲು ತಮ್ಮ ಊರಿನ ಸಂಘದ ಕೋಣೆಯೊಂದನ್ನು ತಿಂಗಳಿಗೊಂದು ಭಾನುವಾರ ಕೇಳಿಕೊಳ್ಳಲಿ. ‘ಶಿಕಾರಿ’ಯಿಂದ ಆರಂಭಿಸಲಿ. ಪಾರಾಯಣದ ಒಬ್ಬ ಹಿರಿಯ ಅರ್ಥಧಾರಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಎದುರಿನವರ ಮಾತನ್ನು ಕೊನೆಯವರೆಗೆ ಕೇಳಿ ಉತ್ತರ ಕೊಡುವುದು ಹೇಗೆಂದು ಅವರಿಗೆ ಗೊತ್ತಿದೆ.